ಅಮಾವಾಸ್ಯೆಗೆ ಬಿದ್ದ ಕಂತು

ನಮ್ಮ ಮನೆಯವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದಿದವರು ನನಗೇ ಬುದ್ಧಿ ಹೇಳಲು ಬರುತ್ತಾರೆ. ಕುಡಿಯಲಿಲ್ಲ, ಇಸ್ಪೀಟು ಮುಟ್ಟಲಿಲ್ಲ, ನನ್ನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ, "ಗಾದಿ ಅಂಗಡಿಯವ್ರಾ? ದೇವರಂಥಾ ಮನಿಷ್ಯಾ ಬಿಡ್ರಿ" ಅನ್ನುತ್ತಿದ್ದರು. ಖರೆ. ದೇವರಂತೆಯೇ ಇದ್ದರು, ಎಷ್ಟು ಕೂಗಿದರೂ ಓ ಅನ್ನುತ್ತಿರಲಿಲ್ಲ.

ನಮ್ಮದು ಹತ್ತಿಯ ಗಾದಿ, ಲೋಡು, ತಲೆದಿಂಬಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಕತ್ತಲೆ ಕೋಣೆಯಲ್ಲಿ ಕಾಲಿನಿಂದ ತುಳಿಯುವ ನನ್ನ ಹೊಲಿಗೆ ಯಂತ್ರ. ಗಬ್ಬೂರ ಕಡೆಯಿಂದ ಹಿಂಜಿದ ಹತ್ತಿಯ ಮೂಟೆಗಳು ಬರುತ್ತಿದ್ದವು. ಗಾದಿಯ ಖೋಳಿ ಹೊಲಿಯುವುದು ನಾನು, ಅದಕ್ಕೆ ಹತ್ತಿ ತುಂಬುವುದು ಆಳು, ರೊಕ್ಕದ ಗಲ್ಲೆಯ ಮುಂದೆ ಕೂತು ಗಿರಾಕಿಗಳ ಜೊತೆ ನಗುವುದು ನಮ್ಮ ಮನೆಯವರು. ಗಲ್ಲೆಯ ಕೀಲಿ ಮಾತ್ರ ಅತ್ತೆಯ ಸೊಂಟದಲ್ಲಿ. ನನ್ನ ಹೊಲಿಗೆಗೆ ಕೂಲಿ ಇರಲಿಲ್ಲ. ಹೊಸದರಲ್ಲಿ ಒಮ್ಮೆ ಬಾಯಿ ಬಿಟ್ಟು ಕೇಳಿದ್ದಕ್ಕೆ ಅತ್ತೆ, "ಧಾರವಾಡದಾಗ ಸೊಸಿಗೆ ಪಗಾರ ಕೊಡ್ತಾರೇನವಾ? ನಮ್ಮ ಕಡೆ ಊಟಾ ಹಾಕ್ತೀವಿ" ಅಂದರು. ನನ್ನ ತವರು ಧಾರವಾಡ. ನಾನು ಮೆತ್ತಗೆ ಮಾತಾಡಿದರೆ ಧಾರವಾಡದ ನಾಜೂಕು, ಜೋರು ಮಾತಾಡಿದರೆ ಸಾಲಿ ಕಲಿತ ಸೊಕ್ಕು. ಸುಮ್ಮನಿದ್ದರೆ ಗುಮ್ಮನ ಗುಸಕಿ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಕಷಾಯ, ಆಮೇಲೆ ಗುಡಿಯ ಅಂಗಾರ, ಆಮೇಲೆ ಮೂಲೆಯ ಔಷಧಿ ಅಂಗಡಿಯವನು ತಾನೇ ಡಾಕ್ಟರನಾಗಿ ಕೊಡುವ ಬಣ್ಣದ ಗುಳಿಗೆ. ಡಾಕ್ಟರ ಹತ್ತಿರ ಹೋಗುವುದು ಕೊನೆಗೆ. ಅಂಗಡಿ ಇಟ್ಟವರ ಹಣೆಬರಹವೇ ಅಷ್ಟು. ನಮ್ಮ ನಾದಿನಿಯ ಗಂಡನಿಗೆ ರೈಲ್ವೆಯಲ್ಲಿ ನೌಕರಿ. ಆಕೆ ಹಬ್ಬಕ್ಕೆ ತವರಿಗೆ ಬಂದಾಗಲೆಲ್ಲ ಪರ್ಸಿನಿಂದ ದವಾಖಾನೆಯ ಕಾರ್ಡು ತೆಗೆದು, ಮತ್ತೆ ಒಳಗಿಟ್ಟು, ಮತ್ತೆ ತೆಗೆಯುತ್ತಿದ್ದಳು. "ನಮಗೇನ್ ಚಿಂತಿಲ್ಲ ವೈನಿ, ಶೀನು ಬಂದ್ರೂ ಅವರ ನೋಡ್ಕೊತಾರ. ನಿಮ್ಮಂಥಾರ್ದ ನೋಡ್ರಿ ಕಷ್ಟ" ಅನ್ನುತ್ತಿದ್ದಳು. ಆಕೆಗೆ ಕನಿಕರ ಬಂದಾಗ ಮುಖ ಬಲು ಚೆಂದ ಕಾಣುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು, ಇಲ್ಲ ಅನ್ನುವುದಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಪಕ್ಕದ ಬಳೆ ಅಂಗಡಿಯವರಿಗೆ ಎದೆಯ ಆಪರೇಶನ್ ಆಯಿತು. ಅವರು ಬದುಕಿ ಬಂದರು, ಅಂಗಡಿ ಬರಲಿಲ್ಲ. ಮಾರಿಬಿಟ್ಟಿದ್ದರು. ಆಮೇಲೆ ಅದೇ ಅಂಗಡಿಯ ಕಟ್ಟೆಯ ಮೇಲೆ ಒಂದು ಪೆಟ್ಟಿಗೆ ಇಟ್ಟುಕೊಂಡು ಹೇರ್‌ಪಿನ್ನು, ಹಣೆಗೆ ಹಚ್ಚುವ ಟಿಕಳಿ ಮಾರುತ್ತ ಕೂಡುತ್ತಿದ್ದರು. ಹೊಸ ಮಾಲೀಕ ಬಂದಾಗ ಎದ್ದು ನಿಲ್ಲುತ್ತಿದ್ದರು. ನಮ್ಮ ಮನೆಯವರು ಅದನ್ನು ದಿನಾ ನೋಡುತ್ತಿದ್ದರು, ದಿನಾ ಒಂದಿಷ್ಟು ಹೆದರುತ್ತಿದ್ದರು. ಆ ಹೆದರಿಕೆ ಹದಕ್ಕೆ ಬಂದಾಗ ಸರಿಯಾಗಿ ಗೋಪನಕೊಪ್ಪದ ಏಜೆಂಟರು ಅಂಗಡಿಯ ಮೆಟ್ಟಿಲು ಹತ್ತಿದರು. ಆರೋಗ್ಯ ವಿಮೆ ಮಾಡಿಸುವವರು, ವಯಸ್ಸಾದವರು. ಸೈಕಲ್ಲಿಗೆ ರೆಕ್ಸಿನ್ ಚೀಲ ತೂಗುಹಾಕಿಕೊಂಡು ಬರುತ್ತಿದ್ದರು. ಅಂಗಡಿಕಾರರ ಹತ್ತಿರ ದೀಪಾವಳಿ ಮುಂದೆ ರೊಕ್ಕ ಓಡಾಡುತ್ತದೆಂದು ಗೊತ್ತಿದ್ದ ಚಾಲಾಕಿ ಮನುಷ್ಯ, ಅದಕ್ಕೇ ಆ ಹೊತ್ತಿಗೆ ಬಂದರು.

ಅತ್ತೆಗೆ ಈ ಸುದ್ದಿ ಕೇಳಿಯೇ ಮೈ ಉರಿಯಿತು. "ಜಡ್ಡು ಬರ್ಲಿ ಅಂತ ಮುಂಗಡಾ ರೊಕ್ಕಾ ಕೊಟ್ಟು ಕರೀತಾರೇನೋ? ನಾಳೆ ಸುಡುಗಾಡದಾಗೂ ಜಾಗಾ ಹಿಡದ ಬರ್ತಿಯೇನ್?" ಎಂದು ಮಗನನ್ನು ಝಾಡಿಸಿದರು. ಕಂತು ಸಣ್ಣದೂ ಆಗಿರಲಿಲ್ಲ. ನಮ್ಮ ಮನೆಯವರು ಎಲ್ಲವನ್ನೂ ಗಾದಿಯಲ್ಲೇ ಅಳೆಯುವವರು. ವರ್ಷದ ಕಂತೆಂದರೆ ಲೋಡು ದಿಂಬು ಸಮೇತ ಎರಡು ಮದುವೆ ಗಾದಿ ಎಂದು ಲೆಕ್ಕ ಹಾಕಿ ಉಸಿರು ಬಿಟ್ಟರು. ನೌಕರಿಯವರಿಗೆ ಅರ್ಧ ಸಾಹೇಬ ಕೊಡುತ್ತಾನೆ, ಅರ್ಧ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ, ಗೊತ್ತೇ ಆಗುವುದಿಲ್ಲ. ನಮಗೆ ಸಾಹೇಬನೂ ನಾವೇ, ಆಳೂ ನಾವೇ. ಕೈಯಾರೆ ಕೊಡಬೇಕು, ಜಡ್ಡು ಬಾರದಿದ್ದರೆ ಒಂದು ಪೈಸೆ ತಿರುಗಿ ಬಾರದು. ಅಂದರೂ ಕೊಟ್ಟರು. ಪಕ್ಕದ ಕಟ್ಟೆಯ ಮೇಲಿನ ಟಿಕಳಿ ಪೆಟ್ಟಿಗೆ ಕಣ್ಣ ಮುಂದೆ ಇತ್ತಲ್ಲ. ತಮ್ಮ ಹೆಸರು, ನನ್ನ ಹೆಸರು, ನಮ್ಮ ಮಗನ ಹೆಸರು ಬರೆಸಿದರು. ಅತ್ತೆಯ ವಯಸ್ಸಿಗೆ ಕಂಪನಿಯೇ ಬೇಡವೆಂದಿತು. "ನನಗೇನೂ ಆಗಂಗಿಲ್ಲ, ನನ್ನ ಬಿಟ್ಟದ್ದ ಛಲೋ ಆತು" ಎಂದು ಅತ್ತೆ ಗೆದ್ದವರಂತೆ ನಕ್ಕರು.

ಆ ವರ್ಷ ಕಂತು ಕಟ್ಟಿದ್ದು ದೀಪಾವಳಿಗೆ ಹತ್ತು ಹನ್ನೆರಡು ದಿನ ಮೊದಲು. ಇದನ್ನು ನೆನಪಿಡಬೇಕು. ನಮ್ಮ ಮನೆಯಲ್ಲಿ ಯಾರೂ ನೆನಪಿಡಲಿಲ್ಲ.

ಚಳಿಗಾಲ ಕಳೆದು ಮದುವೆಯ ಸುಗ್ಗಿ ಶುರುವಾದಾಗ ನನಗೆ ರಕ್ತ ಹೋಗುವುದು ಶುರುವಾಯಿತು. ತಿಂಗಳಿಗೊಮ್ಮೆಯದು ಹದಿನೈದು ದಿನಕ್ಕೆ ಬಂತು, ಆಮೇಲೆ ನಿಲ್ಲುವುದನ್ನೇ ಮರೆಯಿತು. ಯಂತ್ರ ತುಳಿಯುತ್ತಿದ್ದರೆ ತೊಡೆಗುಂಟ ಬೆಚ್ಚಗೆ ಇಳಿಯುವುದು ಗೊತ್ತಾಗುತ್ತಿತ್ತು. ಎದ್ದು ಹೋಗಿ ಬಟ್ಟೆ ಬದಲಿಸಿ ಬಂದು ಮತ್ತೆ ತುಳಿಯುತ್ತಿದ್ದೆ. ಲೇಡಿ ಡಾಕ್ಟರ ಹತ್ತಿರ ಹೋದಾಗ ಅವರು ಹೊಟ್ಟೆ ಒತ್ತಿ, ಫೋಟೋ ತೆಗೆಸಿ, "ಗರ್ಭಚೀಲದಾಗ ಗಡ್ಡಿ ಅವರಿ. ಚೀಲಾನ ತಗಸಬೇಕು. ಭಾಳ ದಿನಾ ತಡೀಬ್ಯಾಡ್ರಿ" ಅಂದರು.

ಆಗ ವಿಮೆ ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ನನಗೆ ನಾದಿನಿಯ ಕಾರ್ಡಿನಂಥದ್ದೊಂದು ನನ್ನ ಬಳಿಯೂ ಇದೆ ಅನಿಸಿ ಒಳಗೊಳಗೇ ಜಂಬ ಬಂತು. ಏಜೆಂಟರನ್ನು ಕರೆಸಿದೆವು. ಅವರು ಕುರ್ಚಿಯ ತುದಿಗೆ ಕೂತು, ಚಹಾ ಕುಡಿದು, ತುಟಿ ಒರೆಸಿಕೊಂಡು ಹೇಳಿದರು: "ಈ ಆಪರೇಶನ್ನಿಗೆ ಮೊದಲನೇ ವರ್ಷ ರೊಕ್ಕಾ ಬರಂಗಿಲ್ಲರೆವಾ. ಹಂಗ ನಿಯಮ ಐತಿ. ವರ್ಷ ತುಂಬಲಿ, ಮುಂದಿನ ಕಂತು ಕಟ್ಟಿದ ಮರುದಿನಾನ ಆರಾಮಶೀರ ಮಾಡಿಸ್ಕೊಳ್ರಿ. ಪೂರಾ ಬರ್ತೈತಿ." ಡಾಕ್ಟರ ಚೀಟಿಯನ್ನು ಮೊದಲೇ ಕಂಪನಿಗೆ ತೋರಿಸಿ ಇಡುತ್ತೇನೆ, ಆಮೇಲೆ ತಕರಾರು ಇರುವುದಿಲ್ಲ ಎಂದು ಅದನ್ನೂ ಚೀಲಕ್ಕೆ ಹಾಕಿಕೊಂಡರು. "ಮತ್ತೇನ್, ತಡಿಯೂಣು. ಕಟ್ಟಿದ್ದನ್ನ ಯಾಕ ಬಿಡೂದು?" ಅಂದರು ನಮ್ಮ ಮನೆಯವರು. ನನಗೂ ಹಾಗೇ ಅನಿಸಿತು. ದೀಪಾವಳಿ ಒಂದು ಬಂದರೆ ಸಾಕು ಎಂದು ನಾನು ಕಾಯತೊಡಗಿದೆ.

ಕಾಯುವುದೆಂದರೆ ಬಾಯಿ ಮಾತಲ್ಲ. ಕಬ್ಬಿಣದ ಗುಳಿಗೆ ನುಂಗಿ ನಾಲಿಗೆ ಕಪ್ಪಾಯಿತು, ಮುಖ ಮಾತ್ರ ಬಿಳಿಚಿತು. ಮೆಟ್ಟಿಲು ಹತ್ತಿದರೆ ಎದೆ ಡಬಡಬ. ಹಳೆ ಸೀರೆಯೆಲ್ಲ ಹರಿದು ಮುಗಿದಿತ್ತು, ಅಂಗಡಿಯ ಹತ್ತಿಯನ್ನೇ ತೆಗೆದು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದೆ. ಒಂದು ದಿನ ಅತ್ತೆ ಆಳಿನ ಮುಂದೆಯೇ ಕೇಳಿದರು: "ಹತ್ತಿ ಯಾಕ ಕಮ್ಮಿ ಆಗಾಕತ್ತೈತಿ? ಇಲಿ ಒಯ್ತಾವೇನು, ಮತ್ತ ಯಾರರ ಒಯ್ತಾರೋ?" ಆಳು ತಲೆ ತಗ್ಗಿಸಿದ. ಅತ್ತೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕೇಳುವ ಬಹಳ ಮಂದಿಯನ್ನು ನಾನು ನೋಡಿದ್ದೇನೆ, ಅತ್ತೆಯಷ್ಟು ಮುಖ ಗಂಟು ಹಾಕದೆ ಕೇಳುವವರನ್ನು ನೋಡಿಲ್ಲ. ಆ ಸಂಜೆ ನಾನು ಯಂತ್ರದ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅಳುವಷ್ಟೂ ಹೊತ್ತು ಒಳಗಿನಿಂದ, "ಯಂತ್ರಾ ಯಾಕ ನಿಂತೈತಿ?" ಎಂಬ ದನಿ ಬರುತ್ತಲೇ ಇತ್ತು.

ದಸರೆ ಮುಗಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಕಂತಿನ ತಾರೀಖಿಗೆ ನಾನು ಕುಂಕುಮ ಹಚ್ಚಿ ಇಟ್ಟಿದ್ದೆ. ಆ ತಿಂಗಳ ಹಾಳೆ ತಿರುವಿದ ದಿನ ನೋಡುತ್ತೇನೆ, ಕುಂಕುಮದ ಚುಕ್ಕೆಯ ಕೆಳಗೇ ಕರಿ ಉಂಡೆ. ಅಮಾವಾಸ್ಯೆ. ದೀಪಾವಳಿ ಈ ವರ್ಷ ಹಿಂದಕ್ಕೆ ಸರಿದು ಸರಿಯಾಗಿ ಕಂತಿನ ಮೇಲೆ ಬಂದು ಕೂತಿತ್ತು. ಕಂಪನಿ ನಡೆಯುವುದು ಇಂಗ್ಲಿಷ್ ತಾರೀಖಿನ ಮೇಲೆ, ನಮ್ಮ ಲಕ್ಷ್ಮಿ ಬರುವುದು ಪಂಚಾಂಗದ ಮೇಲೆ. ಇವೆರಡೂ ಒಂದು ದಿನ ಢಿಕ್ಕಿ ಹೊಡೆಯುತ್ತವೆ ಎಂದು ಪಾಲಿಸಿ ಬರೆದ ಏಜೆಂಟರಿಗೆ ಹೊಳೆದಿರಲಿಲ್ಲ, ಬರೆಸಿದ ನಮಗೂ ಹೊಳೆದಿರಲಿಲ್ಲ.

ಅಂಗಡಿಕಾರರ ದೀಪಾವಳಿ ಗೊತ್ತಿಲ್ಲದವರಿಗೆ ಹೇಳಬೇಕು. ಅಮಾವಾಸ್ಯೆಯ ಬೆಳಿಗ್ಗೆ ಅಂಗಡಿಯಲ್ಲಿ ಲಕ್ಷ್ಮಿಯನ್ನು ಕೂಡಿಸುತ್ತಾರೆ. ಬಾಳೆಕಂಬ, ಕಬ್ಬು, ಸೇವಂತಿಗೆ, ಮುಂದೆ ಬೆಳ್ಳಿ ತಟ್ಟೆಯಲ್ಲಿ ಮನೆಯಲ್ಲಿದ್ದ ರೊಕ್ಕ ಬಂಗಾರವೆಲ್ಲ. ಪಾಡ್ಯ ಕಳೆದು ಲಕ್ಷ್ಮಿಯನ್ನು ಇಳಿಸುವವರೆಗೆ ಆ ಹೊಸ್ತಿಲು ದಾಟಿ ಒಂದು ಪೈಸೆ ಹೊರಗೆ ಹೋಗಬಾರದು. ಒಳಗೆ ಎಷ್ಟು ಬೇಕಾದರೂ ಬರಲಿ. ಹಾಲಿನವನಿಗೂ ಕೊಡುವುದಿಲ್ಲ, ಭಿಕ್ಷೆಯವನಿಗೂ ಫಳಾರ ಮಾತ್ರ. ಹೊರಗೆ ಹಾಕಿದರೆ ಆಕೆ ಮುನಿಸಿಕೊಂಡು ವರ್ಷವಿಡೀ ತಿರುಗಿ ಬರುವುದಿಲ್ಲ. ನಮ್ಮ ಓಣಿಯಲ್ಲಿ ಇದನ್ನು ಮೀರಿದವರು ಒಬ್ಬರೂ ಇರಲಿಲ್ಲ.

ನಾನು ಕ್ಯಾಲೆಂಡರು ನೋಡಿದ ದಿನವೇ ನಮ್ಮ ಮನೆಯವರಿಗೆ ಹೇಳಿದೆ. "ಮೊದಲ ಕಟ್ಟಿಬಿಡ್ರಿ. ಆ ದಿನಾ ಅಮಾಸಿ ಬಂದೈತಿ, ಅತ್ತಿ ಕೊಡಂಗಿಲ್ಲ."

"ಇನ್ನೂ ದಿನಾ ಅದಾವಲ್ಲ. ಹಬ್ಬದ ಖರೀದಿ ಆಗಲಿ, ಗಲ್ಲೇದಾಗ ರೊಕ್ಕಾ ಬೇಕಾಗ್ತೈತಿ."

ಕೊಡುವ ರೊಕ್ಕವನ್ನು ಕಡೆಯ ದಿನದವರೆಗೆ ಕೈಯಲ್ಲಿಟ್ಟುಕೊಳ್ಳುವುದು ವ್ಯಾಪಾರಿಯ ಗುಣ. ಒಂದು ದಿನ ಮೊದಲೇ ಕೊಟ್ಟರೆ ಏನೋ ಕಳೆದುಕೊಂಡಂತೆ ಮುಖ ಮಾಡುತ್ತಾರೆ. ನಾನು ಮತ್ತೆ ಹೇಳಿದೆ, ಚತುರ್ದಶಿಯ ಮುನ್ನಾದಿನವೂ ಹೇಳಿದೆ. "ಅವ್ವನ್ನ ಕೇಳು" ಅಂದರು. ಹೆಂಡತಿ ಸತ್ತರೂ ಹೆಣ ಎತ್ತುವ ಮೊದಲು ಅವ್ವನನ್ನು ಕೇಳಬೇಕಾಗಿತ್ತೋ ಏನೋ.

ಚತುರ್ದಶಿಗೆ ರಜೆ, ಪಾಡ್ಯಕ್ಕೆ ರಜೆ, ನಡುವಿನ ಅಮಾವಾಸ್ಯೆಗೆ ಮಾತ್ರ ಕಚೇರಿಗಳು ತೆರೆದಿರುತ್ತವೆ. ಅಂದು ಬೆಳಿಗ್ಗೆ ಏಜೆಂಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಲಕ್ಷ್ಮಿ ಆಗಲೇ ಕೂತಾಗಿತ್ತು. ಕಂತಿಗೆಂದು ನಮ್ಮ ಮನೆಯವರು ಬೇರೆ ತೆಗೆದಿಟ್ಟಿದ್ದ ನೋಟಿನ ಕಟ್ಟನ್ನು ಅತ್ತೆ ಅರಿಸಿನ ಕುಂಕುಮ ಹಚ್ಚಿ ತಟ್ಟೆಯ ಮೇಲೆ ಏರಿಸಿದ್ದರು. ದೇವಿಯ ಮುಂದೆ ತುಂಬಿ ಕಾಣಬೇಕಲ್ಲ.

"ಅಕ್ಕಾರ, ಇವತ್ತ ಕಡೀ ದಿನಾರಿ. ಮಧ್ಯಾಹ್ನದಾಗ ಆಫೀಸಿಗೆ ಮುಟ್ಟಿಸಬೇಕು" ಎಂದು ಅತ್ತೆಗೆ ಅಂದರು ಏಜೆಂಟರು.

"ಇವತ್ತ ಅಮಾಸಿರಿ. ಲಕ್ಷ್ಮಿ ಕುಂತಾಳ. ನಿಮಗ ಗೊತ್ತಿಲ್ಲೇನು?"

"ನನಗ ಗೊತ್ತೈತ್ರಿ. ಕಂಪನಿಗೆ ಗೊತ್ತಿಲ್ಲರಿ."

"ನಿಮ್ಮ ಕಂಪನ್ಯಾಗ ಲಕ್ಷ್ಮಿ ಪೂಜಾ ಮಾಡಂಗಿಲ್ಲೇನ್ರಿ? ಮಾಡಂಗಿಲ್ಲಂದ್ರ ಅದೆಂಥಾ ಕಂಪನಿ, ಉದ್ಧಾರ ಆಗ್ತೈತೇನು? ಫಳಾರ ತಗೋರಿ, ಪಾಡ್ಯ ಆದ ಮ್ಯಾಲ ಬರ್ರಿ."

ನನಗೆ ತಡೆಯಲಾಗಲಿಲ್ಲ. "ಅತ್ತಿ, ಇದರ ಮ್ಯಾಲ ನನ್ನ ಆಪರೇಶನ್ ಐತಿ" ಅಂದೆ.

"ಹಬ್ಬದ ದಿನಾ ದವಾಖಾನಿ ಹೆಸರು ತಗೀತಾರೇನ? ಬಾಯಾಗ ಸಕ್ರಿ ಹಾಕ್ಕೊ ಹೋಗು."

ನಮ್ಮ ಮನೆಯವರು ಬಾಳೆಕಂಬಕ್ಕೆ ಸುತ್ತಲಿ ದಾರ ಕಟ್ಟುತ್ತಿದ್ದರು. ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದರು. ನಾನು ಅವರನ್ನೇ ನೋಡಿದೆ. ಅವರು ಸುತ್ತಲಿಯನ್ನು ನೋಡಿದರು. "ಅವ್ವ ಹೇಳ್ಯಾಳಲ್ಲ. ನಾಕ ದಿನಾ ತಡಾ ಆದ್ರ ಯಾರೇನಂತಾರ?" ಅಂದರು ಕೊನೆಗೆ.

ನಾನು ಏಜೆಂಟರ ಹಿಂದೆ ಬೀದಿಯವರೆಗೂ ಓಡಿದೆ. ಮಾನ ಮರ್ಯಾದೆ ಬದಿಗಿಟ್ಟು ಸೈಕಲ್ಲಿನ ಹ್ಯಾಂಡಲ್ ಹಿಡಿದೆ. "ಕಾಕಾರ, ಇವತ್ತೊಂದಿನ ನಿಮ್ಮ ಕೈಯಿಂದ ತುಂಬ್ರಿ. ಲಕ್ಷ್ಮಿ ಇಳಿಸಿದ ಕೂಡ್ಲೇ ಕೊಡ್ತೇವಿ. ಬೇಕಾದ್ರ ನನ್ನ ಕೈಯಾನ ಬಂಗಾರದ ಬಿಲ್ವಾರ ಒಯ್ಯಿರಿ."

ಅವರ ಕಣ್ಣಲ್ಲಿ ನೀರು ಬಂತು. ನೀರು ಬಂದು ಯಾರ ಮನೆ ಉದ್ಧಾರವಾಯಿತು? "ತುಂಬತಿದ್ನವಾ. ಹಿಂದ ಬ್ಯಾರೇದವರದು ತುಂಬೇನಿ. ಆದ್ರ ನಮ್ಮ ಮನ್ಯಾಗೂ ಲಕ್ಷ್ಮಿ ಕುಂತಾಳ. ಇವತ್ತ ರೊಕ್ಕಾ ತಗದ್ರ ನನ್ನ ಹೇಣ್ತಿ ನನ್ನ ಒಳಗ ಬಿಟ್ಗೊಳ್ಳಂಗಿಲ್ಲ" ಅಂದರು. ಹಗುರಾಗಿ ನನ್ನ ಬೆರಳು ಬಿಡಿಸಿ ಸೈಕಲ್ ಹತ್ತಿದರು. ಚೀಲದೊಳಗೆ ಅತ್ತೆ ಕೊಟ್ಟ ಫಳಾರದ ಪುಡಿಕೆ ಇತ್ತು.

ಆ ಸಂಜೆ ಓಣಿಯ ಅಂಗಡಿಗಳೆಲ್ಲ ಝಗಮಗ. ಬಂದವರಿಗೆಲ್ಲ ಚುರಮುರಿ, ಬತಾಸು, ಎಲೆ ಅಡಿಕೆ ಕೊಡುತ್ತ ನಾನು ಲಕ್ಷ್ಮಿಯ ಬದಿಗೇ ನಿಂತಿದ್ದೆ. ಕೈಗೆಟುಕುವಷ್ಟು ಹತ್ತಿರ, ಕುಂಕುಮ ಮೆತ್ತಿಕೊಂಡು ನನ್ನ ಕಂತು ಕೂತಿತ್ತು. ನನ್ನ ತೊಡೆಗುಂಟ ರಕ್ತ ಇಳಿಯುತ್ತಿತ್ತು. ನಾದಿನಿ ರೇಶ್ಮೆ ಸೀರೆ ಸರಬರ ಮಾಡುತ್ತ ಬಂದು, "ವೈನಿ ಯಾಕ ಇಷ್ಟ ಬೆಳ್ಳಗ ಆಗೀರಿ, ಪೌಡರ್ ಭಾಳ ಹಚ್ಚೀರೇನ?" ಎಂದು ನಕ್ಕಳು.

ಮರುದಿನ ಪಾಡ್ಯ. ಅದರ ಮರುದಿನ ಲಕ್ಷ್ಮಿಯನ್ನು ಇಳಿಸಿದರು, ಆದರೆ ಅಂದು ಶುಕ್ರವಾರ, ಶುಕ್ರವಾರ ರೊಕ್ಕ ಕೊಡುವವರು ಯಾರು? ಆಮೇಲೆ ಶನಿವಾರ, ರವಿವಾರ, ಕಚೇರಿ ಬಂದ್. ಸೋಮವಾರ ನಮ್ಮ ಮನೆಯವರು ನನ್ನನ್ನೂ ಕರೆದುಕೊಂಡು ಕಂಪನಿಯ ಕಚೇರಿಗೆ ಹೋದರು. ಅಲ್ಲಿದ್ದವರು ದಕ್ಷಿಣದ ಕಡೆಯ ಅಧಿಕಾರಿ, ಮೃದು ಮಾತಿನವರು. ನನಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಆಮೇಲೆ ಹೇಳಿದರು: "ನಡುವೆ ತಪ್ಪಿಹೋಗಿದೆ ಸರ್. ಇದು ಹೊಸ ಪಾಲಿಸಿ ಅಂತಲೇ ಆಗುತ್ತೆ. ಇವರ ಗಡ್ಡೆಯ ಚೀಟಿ ನಮ್ಮ ಹತ್ತಿರವೇ ಇದೆ. ಹೊಸ ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆ ಇದು. ಇದಕ್ಕೆ ಇನ್ನು ಯಾವತ್ತೂ ಹಣ ಬರಲ್ಲ."

ನಾನು ಆ ಮಾತು ತಿಳಿದುಕೊಳ್ಳುವುದರೊಳಗೆ ನಮ್ಮ ಮನೆಯವರು ಮುಂದೆ ಬಾಗಿ ಕೇಳಿದರು. "ಹಂಗಾದ್ರ ಇಕಿ ಹೆಸರು ಬಿಟ್ರ ಕಂತು ಎಷ್ಟ ಕಡಿಮಿ ಆಗ್ತೈತ್ರಿ?"

ಅಧಿಕಾರಿ ನನ್ನ ಮುಖ ನೋಡಿದರು. ಆಮೇಲೆ ಕಾಗದದ ಮೇಲೆ ಬರೆದು ತೋರಿಸಿದರು. ನಮ್ಮ ಮನೆಯವರು ತಲೆಯಾಡಿಸಿ, ತಮ್ಮ ಹೆಸರು ಮತ್ತು ಮಗನ ಹೆಸರಿಗೆ ಮಾತ್ರ ರೊಕ್ಕ ಕಟ್ಟಿದರು. ನೋಟಿಗೆ ಹತ್ತಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ ಒರೆಸಿ ಕೊಟ್ಟರು. ನನಗೆ ಆಗ ಅನಿಸಿದ್ದ ಮಾತನ್ನು ಮುಚ್ಚಿಡುವುದಿಲ್ಲ. ಈ ಮನುಷ್ಯ ಇಲ್ಲೇ ಬಿದ್ದು ಪ್ರಾಣ ಬಿಟ್ಟರೆ ಸೀರೆ ಎತ್ತಿ ದಾಟಿಕೊಂಡು ಹೋಗಿ ಬಸ್ಸು ಹತ್ತುತ್ತೇನೆ ಅನಿಸಿತು. ಬಸ್ಸಿನಲ್ಲಿ ಅವರು ನನಗೆ ಕಿಟಕಿಯ ಸೀಟು ಕೊಟ್ಟರು. "ಆಗಿದ್ದು ಆತು. ಜಡ್ಡಿಗೆ ಬರಂಗಿಲ್ಲ ಅಂದಮ್ಯಾಲ ನಿನ್ನ ಹೆಸರಿಗೆ ಸುಮ್ನ ಯಾಕ ಕಟ್ಟೂದು, ಹೌದಿಲ್ಲೋ?" ಎಂದು ಮೆಲ್ಲಗೆ ತಿಳಿಸಿ ಹೇಳಿದರು. ಅವರು ಕೂಗಾಡಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತು.

ಆಪರೇಶನ್ನಿಗೆ ಕೇಳಿದೆ. "ಮದುವಿ ಸೀಸನ್ ಮುಗೀಲಿ, ಖೋಳಿ ಹೊಲಿಯಾಕ ಯಾರದಾರ?" ಅಂದರು. ಆ ಸೀಸನ್ನಿನಲ್ಲಿ ಹುಬ್ಬಳ್ಳಿಯ ಎಷ್ಟು ಮದುಮಕ್ಕಳು ನಾನು ಹೊಲಿದ ಗಾದಿಯ ಮೇಲೆ ಮಲಗಿದರೋ, ಅವರ ಸುಖ ಸುಡಲಿ, ಒಂದೊಂದು ಹೊಲಿಗೆಗೂ ನಾನು ಶಾಪ ಹಾಕಿ ಹೊಲಿದೆ. ಬೇಸಿಗೆಯಲ್ಲಿ ಒಂದು ದಿನ ಯಂತ್ರದ ಮೇಲೇ ಎಚ್ಚರ ತಪ್ಪಿ ಬಿದ್ದೆ. ಧಾರವಾಡದಿಂದ ನನ್ನ ತಮ್ಮ ಬಂದು ಕರೆದೊಯ್ದ. ತವರಿನವರು ಹಾಕಿದ್ದ ಬಿಲ್ವಾರ ಮಾರಿದೆ. ತಮ್ಮನ ರಕ್ತ ಹಾಕಿ ಚೀಲ ತೆಗೆದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ತಮ್ಮನಿಗೆ ಬೈದರು. ಬೈಸಿಕೊಳ್ಳಬೇಕಾದವರು ಅಂಗಡಿ ಬಿಟ್ಟು ಬಂದಿರಲಿಲ್ಲ. ಆಮೇಲೆ ಬಂದರು, ಮೋಸಂಬಿ ತಂದರು, ಸಿಪ್ಪೆ ಸುಲಿದು ಬೀಜ ತೆಗೆದು ಬಿಡಿಸಿ ಕೊಟ್ಟರು. ಪಕ್ಕದ ಮಂಚದ ಹೆಂಗಸು, "ಪುಣ್ಯಾ ಮಾಡೀರಿ ಬಿಡ್ರಿ, ಇಂಥಾ ಗಂಡ ಸಿಗಾಕ" ಅಂದಳು.

ವರ್ಷಗಳು ಉರುಳಿದವು. ಹೊಸ ಶತಮಾನ ಬಂತು, ಟೈ ಕಟ್ಟಿಕೊಂಡ ಹುಡುಗರು ಹೊಸ ಹೊಸ ಕಂಪನಿಗಳ ವಿಮೆ ಹಿಡಿದು ಅಂಗಡಿಗೆ ಬರತೊಡಗಿದರು. ಫೋಮಿನ ಗಾದಿ ಬಂದು ನಮ್ಮ ವ್ಯಾಪಾರ ಇಳಿಯಿತು, ಕಂತು ಮಾತ್ರ ನಮ್ಮ ಮನೆಯವರ ವಯಸ್ಸಿನ ಜೊತೆ ಏರುತ್ತ ಹೋಯಿತು. ಎರಡು ಗಾದಿಯ ಕಂತು ಐದು ಗಾದಿಗೆ ಬಂತು. ಅವರು ಒಂದು ವರ್ಷವೂ ತಪ್ಪಿಸಲಿಲ್ಲ. ಹಬ್ಬಕ್ಕೆ ಒಂದು ತಿಂಗಳು ಮೊದಲೇ ಹೋಗಿ ಕಟ್ಟಿ ಬರುತ್ತಿದ್ದರು. ಪಾಠ ಕಲಿತಿದ್ದರು, ನನ್ನ ಹೊಟ್ಟೆ ಕೊಯ್ಯಿಸಿ. ನನ್ನ ಹೆಸರು ಮಾತ್ರ ಮತ್ತೆ ಸೇರಲಿಲ್ಲ. "ನಿನಗ ಆಗೂದೆಲ್ಲಾ ಆಗಿ ಹೋಗೈತಲ್ಲ" ಅನ್ನುತ್ತಿದ್ದರು.

ನಾನು ಆ ವರ್ಷಗಳಲ್ಲಿ ಒಂದು ಮಾತನ್ನು ಬಾಯೊಳಗೆ ಇಟ್ಟುಕೊಂಡು ಬದುಕಿದೆ. ಅತ್ತೆಗೆ ಒಂದು ದಿನ ಜಡ್ಡು ಬರುತ್ತದೆ, ಯಾವ ಕಂಪನಿಯೂ ಅವರನ್ನು ಮುಟ್ಟುವುದಿಲ್ಲ, ಅಂದು ನಾನು ಅವರ ತಲೆಯ ಬಳಿ ನಿಂತು, "ಇವತ್ತ ಅಮಾಸಿ ಅತ್ತಿ, ರೊಕ್ಕಾ ಹೊರಗ ಹಾಕಬಾರದು" ಅನ್ನಬೇಕು. ಪಾತ್ರೆ ತೊಳೆಯುವಾಗ ಅನ್ನುತ್ತಿದ್ದೆ, ಯಂತ್ರ ತುಳಿಯುವಾಗ ಅನ್ನುತ್ತಿದ್ದೆ. ಅದನ್ನು ಅಂದುಕೊಂಡರೆ ಊಟ ರುಚಿ ಹತ್ತುತ್ತಿತ್ತು.

ಆ ದಿನ ಬಂದೇ ಬಂತು. ಅದೂ ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆಯೇ ಬಂತು. ಲಕ್ಷ್ಮಿಯನ್ನು ಕೂಡಿಸಿ ಆಗಿತ್ತು. ಮಾವಿನ ತೋರಣ ಒಂದು ಕಡೆ ಜೋತು ಬಿದ್ದಿದೆ ಎಂದು ಅತ್ತೆ ಆ ವಯಸ್ಸಿನಲ್ಲಿ ತಾವೇ ಸ್ಟೂಲು ಹತ್ತಿದರು. ಬೇರೆಯವರು ಕಟ್ಟಿದ್ದು ಅವರಿಗೆ ಎಂದೂ ಸೇರುತ್ತಿರಲಿಲ್ಲ. ಸ್ಟೂಲು ಹೊರಳಿತು. ಬಿದ್ದ ಸದ್ದಿಗೆ ನಾನು ಓಡಿ ಬಂದೆ. ತೊಡೆಯ ಎಲುಬು ಮುರಿದು ಕಾಲು ಹೊರಮುಖವಾಗಿ ತಿರುಗಿತ್ತು. ಎದುರು ಮನೆಯವರು ಬಂದು ಅವರನ್ನು ಒಂದು ಗಾದಿಯ ಮೇಲೆ ಮಲಗಿಸಿ ದವಾಖಾನೆಗೆ ಫೋನು ಮಾಡಿದರು. "ಲಗೂ ಕರಕೊಂಡು ಬರ್ರಿ, ಬರುವಾಗ ಮೊದಲ ಕಟ್ಟೂ ರೊಕ್ಕಾ ತಗೊಂಡು ಬರ್ರಿ" ಅಂದರಂತೆ.

ನಾನು ಅತ್ತೆಯ ತಲೆಯ ಬಳಿ ಕೂತೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆಯುವುದರೊಳಗೆ ಅತ್ತೆ ಸೆರಗಿನ ಅಂಚು ಕಚ್ಚಿ ಹಿಡಿದು, ಬಿಟ್ಟು, ಹೇಳಿದರು: "ಇವತ್ತ ಬ್ಯಾಡ. ಲಕ್ಷ್ಮಿ ಕುಂತಾಳ. ಇಳಿಸಿದ ಮ್ಯಾಲ ಒಯ್ಯಿರಿ. ನಾ ತಡೀತೇನಿ."

ಮುದುಕಿ ಅದನ್ನೂ ನನ್ನ ಬಾಯಿಂದ ಕಸಿದುಕೊಂಡಿತು. ಇಷ್ಟು ವರ್ಷ ಸಾಕಿದ ಮಾತು, ಆಡುವ ಮೊದಲೇ ಸತ್ತುಹೋಯಿತು. ನೋವಿಗೆ ಅವರ ಮುಖ ಬೂದಿಯಾಗಿತ್ತು, ಕಣ್ಣು ಮಾತ್ರ ಬಾಳೆಕಂಬದ ನಡುವೆ ಕೂತ ಲಕ್ಷ್ಮಿಯ ಮೇಲೆಯೇ ಇತ್ತು. ನನಗೆ ವಿಧಿಸಿದ್ದನ್ನೇ ತನಗೂ ವಿಧಿಸಿಕೊಂಡು ಬಿದ್ದಿತ್ತು ಆ ಜೀವ. ಅತ್ತೆ ನಂಬಿದ್ದನ್ನೇ ನಡೆಸಿದ್ದರು ಎಂದು ಗೊತ್ತಾಗಿ ನನಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಸಿಟ್ಟೇ ಬಂತು.

ಅಷ್ಟರಲ್ಲಿ ನಮ್ಮ ಮನೆಯವರು ರಿಕ್ಷಾಕ್ಕೆ ಹೇಳಿ ಒಳಗೆ ಬಂದರು. ಅವ್ವನನ್ನು ಕೇಳಲಿಲ್ಲ. ಸುತ್ತಲಿ ಹುಡುಕಲಿಲ್ಲ. ನೇರ ಹೋಗಿ ಲಕ್ಷ್ಮಿಯ ಮುಂದಿನ ಬೆಳ್ಳಿ ತಟ್ಟೆಯಿಂದ ನೋಟಿನ ಕಟ್ಟುಗಳನ್ನೆಲ್ಲ ಬಾಚಿಕೊಂಡರು. ಸೇವಂತಿಗೆ ಚೆಲ್ಲಾಪಿಲ್ಲಿಯಾಯಿತು, ಒಂದು ದೀಪ ಉರುಳಿ ಆರಿತು. ಅದನ್ನು ಅವರು ತಿರುಗಿಯೂ ನೋಡಲಿಲ್ಲ.

"ಏ, ಇಡೋ ಅದನ್ನ!" ಅತ್ತೆ ಕೂಗಿದರು. ನೋವಿಗೆ ಕೂಡ ಅಷ್ಟು ಜೋರು ಕೂಗಿರಲಿಲ್ಲ. "ಅವತ್ತ ಇಕಿ ಸಲುವಾಗಿ ಮುಟ್ಟಲಿಲ್ಲ ನೀ. ನಾ ಬ್ಯಾಡಂದೆ, ನೀ ಸುಮ್ನ ನಿಂತಿ. ಇವತ್ತೂ ನಾ ಬ್ಯಾಡನ್ನಾಕತ್ತೇನಿ. ಇವತ್ತ ಹೆಂಗ ತಗೊಂಡ್ಯೋ?"

ಎದುರು ಮನೆಯವರು ನೆಲ ನೋಡಿದರು. ನಮ್ಮ ಮನೆಯವರು ಕೈತುಂಬ ಕುಂಕುಮದ ನೋಟು ಹಿಡಿದು ನನ್ನ ಕಡೆ ತಿರುಗಿದರು. ಏನೋ ಹೇಳುತ್ತಾರೆ ಎಂದು ನಾನು ಕಾಯ್ದೆ. ಇಷ್ಟು ಕಾಯ್ದವಳು ಇನ್ನೊಂದಿಷ್ಟು ಕಾಯಲಾರೆನೇ?

ಅವರು ನೋಟುಗಳನ್ನು ಒಳಗಿನ ಕಿಸೆಗೆ ತುರುಕಿದರು. ಅತ್ತೆಯನ್ನು ಮಲಗಿಸಿದ್ದ ಗಾದಿಯ ಒಂದು ತುದಿಗೆ ಕೈ ಹಾಕಿದರು.

"ರಿಕ್ಷಾ ಬಂತು. ಆ ಕಡೆ ತುದಿ ಹಿಡಿ, ಎತ್ತೂಣು" ಅಂದರು.

ನಾನು ಹಿಡಿದೆ.